ಬಾವಿ ಒಲೆ

ಕುತೈಸಿಯಲ್ಲಿ ಎತೆರಿಯ ರೊಟ್ಟಿ ಅಂಗಡಿ.
ನೆಲದಲ್ಲಿ ಹೂತ ಬಾವಿಯಂಥ ಒಲೆ,
ಒಳಗೋಡೆಗೆ ಹಿಟ್ಟು ಬಡಿಯಲು
ಸೊಂಟದ ತನಕ ಬಾಗಲೇಬೇಕು.
‘ದಿನಕ್ಕೆ ಇನ್ನೂರು ಸಲ ಬಾಗ್ತೀನಿ,
ಒಂದಾದರೂ ಅವನಿಗೆ ಸಂದೀತು’ ಅನ್ನುತ್ತಾಳೆ.

ಈಸ್ಟರಿಗೆ ಮುಂಚಿನ ಉಪವಾಸದಲ್ಲಿ
ಉಪವಾಸವಿಲ್ಲದವರಿಗೆ ಚೀಸ್ ತುಂಬಿ ಸುಡುತ್ತ
ತಾನು ಉಪ್ಪು ಹಾಕಿದ ಬೀನ್ಸ್ ಕಾಳು ತಿನ್ನುತ್ತಾಳೆ.
ಒಮ್ಮೆ ಮರೆತು ಬೆರಳು ನೆಕ್ಕಿಬಿಟ್ಟಳಂತೆ.
ನಕ್ಕಳಂತೆ. ಕೈ ತೊಳೆದು ಮತ್ತೆ ಶುರು.

ತೆಂಗಿಜ್ ಎರಡು ವರ್ಷದ ಬಾಕಿ ಕೊಟ್ಟಿಲ್ಲ.
ಅವನ ರೊಟ್ಟಿ ದಿನಾ ಮೊದಲು ತೆಗೆದಿಡುತ್ತಾಳೆ,
ಬೈಯುತ್ತಲೇ.
ಕ್ಷಮೆ ಮನಸ್ಸಿಗಿನ್ನೂ ಬಂದಿಲ್ಲ,
ಕೈಗೆ ಮಾತ್ರ ಬಂದಿದೆ.

ತಮ್ಮ ಗಣಿಯಲ್ಲಿ ಸತ್ತ ವಾರ
ಪ್ರಾರ್ಥನೆ ಬಾಯಲ್ಲೇ ಒಣಗಿತ್ತು.
ಪಟದ ಮುಂದೆ ದೀಪ ಹಚ್ಚಲಿಲ್ಲ,
ಪಾದ್ರಿ ಬಂದರೆ ಬಾಗಿಲು ತೆರೆಯಲಿಲ್ಲ.
ನಾಲ್ಕಕ್ಕೆ ಎಚ್ಚರ ಮಾತ್ರ ಆಯಿತು, ಎಂದಿನಂತೆ.
ನಾದಿದ ಹಿಟ್ಟಿಗೆ ಬಟ್ಟೆ ಮುಚ್ಚುವ ಮುಂಚೆ
ಹೆಬ್ಬೆರಳು ತಾನಾಗಿ ಶಿಲುಬೆ ಎಳೆಯಿತು.
ನೋಡುತ್ತ ನಿಂತಳು,
ಯಾರದೋ ಕೈ ಅದು ಎಂಬಂತೆ.

ಹಿಟ್ಟು ಉಬ್ಬಿತು. ಅದಕ್ಕೇನು ಗೊತ್ತು.
ಒಲೆಗೆ ಬಾಗಿದಳು, ಎದ್ದಳು, ಬಾಗಿದಳು.

ಆವತ್ತು ತೆಂಗಿಜ್‌ಗೆ
ಬೈಯುವುದು ಮರೆತೇಹೋಯಿತು.