ಗಂಟು

ಮೇಷ್ಟ್ರು ಮೊದಲ ಸಲ ಆ ಹಾಳೆ ಬಿಚ್ಚಿಟ್ಟಾಗ
ನಾನು ಅಂದುಕೊಂಡೆ, ಮೊಟ್ಟೆ ಒಡೆದಿವೆ.
ಶಿಡ್ಲಘಟ್ಟದಲ್ಲಿ ಮಕ್ಕಳಿಗೂ ಗೊತ್ತು,
ಬಿಳಿ ಹಾಳೆಯ ಮೇಲೆ ಬೆಳಗಾಗುವಷ್ಟರಲ್ಲಿ
ಕಪ್ಪಗೆ, ಕೂದಲ ತುಂಡಿನಷ್ಟೇ, ಹರಿದಾಡುವ ಹುಳು.
ಐದು ಗೆರೆಗಳ ಮೇಲೆ ಅಷ್ಟೇ ದಟ್ಟ.
ಇವಕ್ಕೆ ಸೊಪ್ಪು ಯಾರು ಹಾಕುತ್ತಾರೆ ಎಂದೆ.
ಇನ್ನಾಸಪ್ಪ ಮೇಷ್ಟ್ರು ನಗಲಿಲ್ಲ.
"ನೀನೇ. ದಿನಕ್ಕೆ ನಾಲ್ಕು ಹೊತ್ತು."

ಗಣಿ ಮುಚ್ಚಿದ ಮೇಲೆ ಅವರ ಬ್ಯಾಂಡೂ ಮುಚ್ಚಿತ್ತು.
ಭಾನುವಾರ ಪೂಜೆ ಮುಗಿಸಿ ರಾಬರ್ಟ್‌ಸನ್‌ಪೇಟೆಯಿಂದ
ಚಿಂತಾಮಣಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು,
ಪಿಟೀಲಿನ ಪೆಟ್ಟಿಗೆ ತೊಡೆಯ ಮೇಲೆ.
ಮೃದಂಗ ಇಲ್ಲ, ತಂಬೂರಿ ಇಲ್ಲ,
ಪಿಯಾನೋ ಅಂತೂ ಊರಲ್ಲೇ ಇಲ್ಲ.
ಒಬ್ಬಳೇ ನುಡಿಸುವುದು. ಆದರೆ
ಒಬ್ಬಳಂತೆ ಕೇಳಿಸಬಾರದು.

ಕಮಾನು ಹಾಡನ್ನು ಎಳೆಯುತ್ತಿರುವಾಗಲೇ
ಎಡಗೈಯ ಕಿರುಬೆರಳು ಪಕ್ಕದ ತಂತಿ ಮೀಟಬೇಕು,
ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ.
ತೋರುಬೆರಳು ಇಲ್ಲಿ, ಕಿರುಬೆರಳು ಹತ್ತು ಸ್ವರದಾಚೆ,
ನಡುವೆ ನನ್ನ ಅಂಗೈ, ಹರಿಯಲು ಕಾದ ಬಟ್ಟೆ.
ಕಮಾನು ಎಗರಬೇಕು, ಎಗರಿಸಬಾರದು:
ಕೆರೆಯ ಮೇಲೆ ಬೀಸಿದ ಹಂಚಿನ ಚೂರು
ತಾನಾಗಿ ಎಷ್ಟು ಸಲ ಕುಪ್ಪಳಿಸುತ್ತದೋ ಅಷ್ಟು.
ಒಂದು ಸಾಲಿಗೆ ಒಂದು ಬೇಸಿಗೆ ಹೋಯಿತು.
ಗದ್ದದ ಕೆಳಗೆ ಕಪ್ಪು ಕಲೆ. ಹೆಣ್ಣು ನೋಡಲು ಬಂದವರು
ಅದೇನು ಎಂದು ಕೇಳಿ, ಚಹಾ ಕುಡಿದು ಹೋದರು.

ಕೊನೆಗೆ ಉಳಿದದ್ದು ಆ ಸಿಳ್ಳೆಯಂಥ ಸ್ವರ.
ಒತ್ತಿದರೆ ಸತ್ತಿತು, ಬಿಟ್ಟರೆ ಹುಟ್ಟಲಿಲ್ಲ.
"ಒತ್ತಬೇಡ ಮುಬೀನಾ, ಮುಟ್ಟು."
"ಮುಟ್ಟಿದೆ."
"ಇಲ್ಲ, ಹಿಡಿದೆ."
ಮೂರು ಭಾನುವಾರ ಇದೇ ಮಾತು.
ನಾಲ್ಕನೆಯದಕ್ಕೆ ಅವರು ಪೆಟ್ಟಿಗೆ ಮುಚ್ಚಿ ಹಿತ್ತಲಿಗೆ ನಡೆದರು,
ಬೇಯುವ ಗೂಡಿನ ವಾಸನೆಗೆ ಕರವಸ್ತ್ರ ಅಡ್ಡ ಹಿಡಿದು
ಅಮ್ಮಿಯ ಬಾಣಿಯ ಮುಂದೆ ನಿಂತರು.

ಅಮ್ಮಿಯ ಬೆರಳು ಬಿಸಿನೀರಲ್ಲಿ,
ಉಬ್ಬಿ, ಬೆಳ್ಳಗಾಗಿ, ಗೆರೆಗಳೇ ಅಳಿಸಿ.
ಆಧಾರ್ ಯಂತ್ರ ಮೂರು ಸಲ ಅವಳನ್ನು ಒಪ್ಪಿರಲಿಲ್ಲ.
ಆ ಬೆರಳು ಗೂಡನ್ನು ಹಿಡಿಯುವುದಿಲ್ಲ,
ಬರೀ ಸವರುತ್ತದೆ. ಮಲಗಿದ ತುದಿ ಏಳುತ್ತದೆ,
ಕಂಡೂ ಕಾಣದ ಎಂಟು ಗೂಡಿನ ಎಂಟು ಎಳೆ
ಒಂದಾಗಿ ಚರಕಕ್ಕೆ ಏರುತ್ತದೆ.
"ನೋಡು," ಅಂದರು ಮೇಷ್ಟ್ರು. ಅಷ್ಟೇ ಅಂದರು.
ನನಗೆ ಹೊಳೆದದ್ದು ಬೇರೆ.
ಅವಳದು ಎಂಟನ್ನು ಒಂದು ಮಾಡುವ ಕೆಲಸ,
ನನ್ನದು ಒಂದನ್ನು ನಾಲ್ಕು ಮಾಡುವ ಹಟ.
ಯಾವುದು ಕಷ್ಟ ಎಂದು ಕೇಳಲು ಧೈರ್ಯ ಬರಲಿಲ್ಲ.

ಆ ರಾತ್ರಿ ಕರೆಂಟಿಲ್ಲ. ಕತ್ತಲಲ್ಲೇ ನುಡಿಸಿದೆ.
ಸಿಳ್ಳೆ ಬಂತು, ತೆಳ್ಳಗೆ, ಗೋಡೆಯಾಚೆಯಿಂದ
ಬೇರೆ ಯಾರೋ ಊದಿದಂತೆ.
ಸಾಸಿವೆ ಸಿಡಿಯಿತು. ಹಂಚಿನ ಚೂರು ಆಚೆ ದಡ ಮುಟ್ಟಿತು.
ದಿನವೂ ಮುರಿಯುವ ಆ ಜಾಗದಲ್ಲಿ, ಮೂರನೇ ಜಿಗಿತದಲ್ಲಿ,
ಕಿರುಬೆರಳು ಹಿಂದೆ ಬಿತ್ತು.
ಒಂದೇ ಒಂದು ಸ್ವರ ನುಂಗಿ ಮುಂದೆ ಓಡಿದೆ.
ಕಮಾನು ನಿಲ್ಲಲಿಲ್ಲ.
ಮೇಷ್ಟ್ರಿದ್ದರೂ ತಿಳಿಯುತ್ತಿರಲಿಲ್ಲ, ಬಹುಶಃ.

ಹಿತ್ತಲಿಂದ ಅಮ್ಮಿ, ಕೈ ಒರೆಸಿಕೊಳ್ಳುತ್ತಾ:
"ಇವತ್ತು ತುಂಡಾಗಲಿಲ್ಲ."
ಸ್ವಲ್ಪ ಹೊತ್ತು ಬಿಟ್ಟು,
"ಗಂಟು ಹಾಕಿದೆಯಲ್ಲ, ಅಲ್ಲಿ.
ಪರವಾಗಿಲ್ಲ ಬಿಡು. ಮಾರ್ಕೆಟ್ಟಿನಲ್ಲಿ
ಹೆಬ್ಬೆರಳು ಹಾಯಿಸಿದರೆ ಮಾತ್ರ ಗೊತ್ತಾಗೋದು."

ಮೇಣದಬತ್ತಿ ಹಚ್ಚಿದೆ. ಹಾಳೆಯ ತುಂಬ ಹುಳು.
ಹಸಿದಿದ್ದವು.