ಕಾರಣ: ಸದ್ದಿಲ್ಲ

ಫೆಬ್ರವರಿ. ಶಿವಮೊಗ್ಗದ ಲ್ಯಾಬಿನ ಮಹಡಿಯಲ್ಲಿ
ರಕ್ತದ ಮಾದರಿ ಇಡುವ ಫ್ರಿಜ್ಜಿನ ಪಕ್ಕ
ನನಗೊಂದು ಸ್ಟೂಲು, ರೌಟರಿಗೊಂದು ಮೇಜು.
ಫ್ರಿಜ್ಜು ನಡುಗಿದಾಗೆಲ್ಲ ಮೇಜೂ ನಡುಗುತ್ತದೆ.

ನಾಲ್ಕು ಮೋಡೆಮ್ಮು, ನಾಲ್ಕು ಫೋನು ತಂತಿ,
ಕಾಡಿನಂಚಿಗೆ ಹದಿನೇಳು ಆಸ್ಪತ್ರೆ.
ಏಳು ಗಂಟೆಯ ಮೇಲೆ ಒಬ್ಬೊಬ್ಬರೇ ಕರೆಯುತ್ತಾರೆ:
ಎಷ್ಟು ಜ್ವರ, ಎಷ್ಟು ಲಸಿಕೆ,
ಯಾವ ಗುಡ್ಡದ ಬುಡದಲ್ಲಿ ಎಷ್ಟು ಮಂಗ ಸತ್ತಿವೆ.
ಬರುವವರಿಗೆ ಬಾಗಿಲು ಹೇಗೆ ತೆರೆಯಬೇಕೆಂದು
ಈ ಪೆಟ್ಟಿಗೆಗೆ ಕಲಿಸುವುದು ನನ್ನ ಕೆಲಸ.

ಮೊದಲು ಭಾಷೆ. ಐಪಿ ಒಂದೇ ಸಾಕು.
ಐಪಿಎಕ್ಸ್ ಎದುರಿಗೆ ಯಾರೋ ಹಾಕಿದ್ದ ಟಿಕ್ಕು ತೆಗೆದೆ;
ಆಡುವವರೇ ಇಲ್ಲದ ಮಾತಿಗೆ
ಕಿವಿಗೊಟ್ಟು ಕೂರುವುದೇಕೆ.
ಆಮೇಲೆ ವಿಳಾಸ. ಹನ್ನೊಂದರಿಂದ ಹದಿನಾಲ್ಕು, ಅಷ್ಟೇ.
ಬಸ್‌ಸ್ಟ್ಯಾಂಡಿನ ಊಟದ ಹೋಟೆಲಿನಲ್ಲಿ
ಒಬ್ಬ ಕೈತೊಳೆಯಲು ಎದ್ದನೆಂದರೆ
ಬಿಸಿಯಾರದ ಕುರ್ಚಿಗೆ ಇನ್ನೊಬ್ಬ.
ಗುಟ್ಟಿನ ಮಾತು ತಂತಿಯ ಮೇಲೆ ಬರಕೂಡದು.
ನಾನೊಂದು ಅಂಕಿ ಎಸೆಯುತ್ತೇನೆ, ನೀನದನ್ನು
ನಮ್ಮಿಬ್ಬರಿಗೇ ಗೊತ್ತಿರುವ ಮಾತಿನ ಜೊತೆ ಅರೆದು ಕಳಿಸು;
ರುಚಿ ನೋಡಿ ಹೇಳುತ್ತೇನೆ
ನೀನು ನಮ್ಮವನೋ ಅಲ್ಲವೋ.

ಕೊನೆಗೆ, ಸುಮ್ಮನಿದ್ದವರಿಗೆ ಎಷ್ಟು ಹೊತ್ತು ಕಾಯುವುದು?
ಪುಸ್ತಕ ನೂರ ಇಪ್ಪತ್ತು ಸೆಕೆಂಡು ಅಂದಿತ್ತು. ಹಾಕಿದೆ.
ನಾಲ್ಕೇ ತಂತಿ, ಹದಿನೇಳು ಜನ, ಎಸ್‌ಟಿಡಿ ಬಿಲ್ಲು ಬೇರೆ.
ನ್ಯಾಯವಾಗಿಯೇ ಇತ್ತು.

ಒಂದು ವಾರದ ಲಾಗು ಓದಿದೆ.
ಕಾರೆಗುಂಡಿ ಬಂತು. ಕಾರೆಗುಂಡಿ ಹೋಯಿತು, ಕಾರಣ: ಸದ್ದಿಲ್ಲ.
ಕಾರೆಗುಂಡಿ ಬಂತು. ಹೋಯಿತು. ಕಾರಣ: ಸದ್ದಿಲ್ಲ.
ಒಂದೇ ರಾತ್ರಿ ಹನ್ನೊಂದು ಸಲ.
ಡಾಕ್ಟರ್ ನಫೀಸಾ ಬಗ್ಗಿ ನೋಡಿ ಲೈನು ಕೆಟ್ಟಿದೆ ಅಂದರು.
ಲೈನ್‌ಮನ್ ಬಂದು ಮೋಡೆಮ್ಮು ಕೆಟ್ಟಿದೆ ಅಂದ.
ನಾನು ಬೆಳಗಿನ ಬಸ್ಸು ಹತ್ತಿದೆ.

ದ್ಯಾವಪ್ಪ, ಆರೋಗ್ಯ ಸಹಾಯಕ.
ಮೊಣಕಾಲಿನವರೆಗೆ ಎಣ್ಣೆ ಸವರಿಕೊಳ್ಳುತ್ತಿದ್ದವನು
"ತರಗೆಲೆ ತುಂಬ ಉಣುಗು" ಎಂದು ನನಗೂ ಶೀಶೆ ಚಾಚಿದ.
ಸಂಜೆ ಕೈ ಮೂರು ಸಲ ಸೋಪು ಹಾಕಿ ತೊಳೆದು
ಕೀಬೋರ್ಡಿನ ಮೇಲಿನ ಟವೆಲ್ಲು ಸರಿಸಿ
ಬಲಗೈ ತೋರುಬೆರಳಲ್ಲಿ
ಬಿ ಒತ್ತಿದ. ಇ ಒತ್ತಿದ.
ನಿಂತ.

"ಬೆಳ್ಳಿ ಅಂತ ಮೇಡಂ, ಮೂವತ್ತೆರಡು ವರ್ಷ, ಜ್ವರ ಆರನೇ ದಿನ.
ಇಂಗ್ಲಿಷಲ್ಲಿ ಹೊಡೆದರೆ ಬೆಲ್ಲಿ ಆಗ್ತದಲ್ಲ.
ಬೆಲ್ಲಿ ಅಂತ ನಮ್ಮಲ್ಲಿ ಯಾರೂ ಇಲ್ಲ,
ನಾಳೆ ರಿಪೋರ್ಟು ಬಂದರೆ ಯಾರ ಮನೆಗೆ ಒಯ್ಯಲಿ?"
ರಿಜಿಸ್ಟರಿನ ಹೆಸರಿನ ಮೇಲೆ ಬೆರಳಿಟ್ಟು ಓದಿದ.
ಕಿಟಕಿ ನೋಡಿದ. ಮತ್ತೆ ಓದಿದ.
ಮೋಡೆಮ್ಮಿನ ದೀಪ ಆರಿತು.
ಅತ್ತ ಶಿವಮೊಗ್ಗದಲ್ಲಿ, ಫ್ರಿಜ್ಜಿನ ಪಕ್ಕ,
ನಾನೇ ಕಲಿಸಿದ ಪೆಟ್ಟಿಗೆ ಬರೆದುಕೊಂಡಿರಬೇಕು
ಆಚೆ ಕಡೆ ಯಾರೂ ಇಲ್ಲವೆಂದು.

ಇದ್ದ.
ಒಂದು ಳಕಾರದ ಮುಂದೆ ನಿಂತಿದ್ದ.

ವಾಪಸು ಬಂದು ಆರುನೂರು ಮಾಡಿದೆ.
ಈಗ ಹೆಬ್ಬಿಗೆಯ ಲೂಸಿ ಸಿಸ್ಟರಿಗೆ ಲೈನು ಸಿಗುವುದಿಲ್ಲ,
ಆಫೀಸಿನ ಫೋನಿಗೆ ಕರೆದು ಬೈಯುತ್ತಾರೆ;
ಬೈಸಿಕೊಳ್ಳುತ್ತೇನೆ, ಅವರದೂ ಸುಳ್ಳಲ್ಲ.
ಐದನೇ ತಂತಿಗೆ ಅರ್ಜಿ ಹಾಕಿ ತಿಂಗಳಾಯಿತು.

ಇವತ್ತು ಏಳು ನಲವತ್ತೆರಡಕ್ಕೆ ಕಾರೆಗುಂಡಿ ಬಂತು.
ಹನ್ನೆರಡನೆಯ ವಿಳಾಸ ಕೊಟ್ಟಿತು ಪೆಟ್ಟಿಗೆ.
ಬಿ. ಇ.
ಆಮೇಲೆ ನಾಲ್ಕು ನಿಮಿಷ ಏನೂ ಇಲ್ಲ.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
ದೀಪ ಉರಿಯುತ್ತಲೇ ಇತ್ತು.

ಆಗ ಬಂದವು, ಒಂದರ ಹಿಂದೆ ಒಂದು,
ದೊಡ್ಡ ಎಲ್, ಇನ್ನೊಂದು ದೊಡ್ಡ ಎಲ್:
ಎಲ್ಲೋ ಕಾಡಿನಂಚಿನಲ್ಲಿ
ಶಿಫ್ಟ್ ಒತ್ತಿ ಹಿಡಿದಿದೆ
ಇಷ್ಟು ದಿನ ಸುಮ್ಮನಿದ್ದ ಎಡಗೈ.