ಸರಿಯದ ದೀಪ

ಕಬ್ಬಿನ ಟ್ರ್ಯಾಕ್ಟರ್ ಸಾಲು ಇವತ್ತು
ಮಹಾಲಿಂಗಪುರದ ರಸ್ತೆ ತನಕ ನಿಂತೈತಿ.
ತೂಕದ ಕಾಟಾದ ಮುಂದ ನಾನು,
ನನ್ನ ಬ್ಯಾಟರಿ, ಸೀಟಿ,
ಮತ್ತ ಒಂದು ಸುರುಳಿ ಕೆಂಪು ರೇಡಿಯಂ ಪಟ್ಟಿ.
ಪಟ್ಟಿ ನನ್ನ ರೊಕ್ಕದ್ದು, ಕಾರ್ಖಾನೆದಲ್ಲ.
ಹಿಂದಿನ ದೀಪ ಇಲ್ಲದ ಟ್ರೇಲರ್ ಬಂದ್ರ
ಚೀಟಿ ಹರಿಯೂದರಾಗ ಹೋಗಿ ಅಂಟಿಸಿ ಬರತೀನಿ.
ಡ್ರೈವರ್ ಹುಡುಗರು ನಗತಾರ:
"ನೇವಿ ಕಾಕಾ, ಇದೇನು ಹಡಗ?"

ಹಡಗಿನ ಸುದ್ದಿ ನಾ ಹೇಳೂದು ಇಷ್ಟ.
ಇಲ್ಲಿ ತುಂಬಿದ ಗಾಡಿಗೆ ಖಾಲಿ ಗಾಡಿ ದಂಡಿಗಿಳೀತೈತಿ,
ಅಲ್ಲಿ ತುಂಬಿದ್ದು ಖಾಲಿ ಯಾರೂ ಕೇಳೂದಿಲ್ಲ.
ನಿನ್ನ ಬಲಕ್ಕ ಯಾರು ಅಡ್ಡ ಬಂದ್ರೋ
ಅವರಿಗೆ ನೀ ದಾರಿ ಬಿಡಬೇಕು.
ನಿನ್ನ ಹತ್ರ ತೋಪು ಇದ್ದರೂ.

ಇನ್ನೊಂದು ಮಾತು ಪುಸ್ತಕಕ್ಕಿಂತ ಮೊದಲ
ಅಂಕೋಲಾದ ಹರಿಕಂತ್ರ ಮಾಮಾ ಹೇಳಿದ್ದ:
ಕಟಕಟಿಯ ಕಂಬಕ್ಕ ದೀಪಾನ ಹಿಡದು ನೋಡು.
ಮುಂದ ಸರಿದ್ರ ಮುಂದಿಂದ ಹೋಗತೈತಿ,
ಹಿಂದ ಸರಿದ್ರ ಹಿಂದಿಂದ, ಹೆದರಬ್ಯಾಡ.
ಇದ್ದಲ್ಲೇ ನಿಂತು ದೊಡ್ಡದಾಗಾಕತ್ತಿದ್ರ
ಒದರು.

ಅವತ್ತೊಂದು ದೀಪ ನಿಂತಿತ್ತು.
ನಸುಕಿನ ಮೂರು ನಲವತ್ತು. ಬಲಕ್ಕ. ಕೆಂಪಗ.
ಕಂಬಕ್ಕ ಮೊಳೆ ಹೊಡದಂಗ.
ಸುಳ್ಳು ಯಾಕ ಹೇಳಲಿ, ನನಗ ಛಂದ ಅನಿಸ್ತು.
ಘಟಪ್ರಭೆಯ ದಂಡಿಗೆ ಅಪ್ಪ
ರಾತ್ರಿ ಪಾಳಿಯ ನೀರು ಹಾಯಿಸೂಮುಂದ
ಬದುವಿನ ಮ್ಯಾಲ ಕಂದೀಲು ಇಡತಿದ್ದ.
ನಾ ಮಾಳಿಗಿ ಮ್ಯಾಲಿಂದ ನೋಡತಿದ್ದೆ.
ದೀಪ ಸರದಿಲ್ಲ ಅಂದ್ರ
ಅಪ್ಪ ಅಲ್ಲೇ ಅದಾನ, ಹಾವು ಬಂದಿಲ್ಲ,
ಮಲಗಬಹುದು.

ಹೇಳಲಿಲ್ಲಂತಲ್ಲ. ಹೇಳಿದೆ.
ಫೋನಿನ್ಯಾಗ ಹೇಳಿದೆ: ಬಲಕ್ಕ ಒಂದು ದೀಪ, ಕೆಂಪು.
"ಕಂಡೈತಿ" ಅಂತ ಮ್ಯಾಲಿಂದ ಬಂತು.
ಇನ್ನೊಮ್ಮೆ ಹೇಳಬೇಕಿತ್ತು.
ಸಾಹೇಬರು ಕಂಡೈತಿ ಅಂದ ಮ್ಯಾಲ
ಕಂಡಿಲ್ಲ ನಿಮಗ ಅಂತ ಹೆಂಗ ಅನ್ನೂದು?
ಏಳು ನಿಮಿಷ.
ಏಳು ನಿಮಿಷ ನಾ ಅದನ್ನ ನೋಡಿಕೋತ ನಿಂತೆ,
ಮಾಳಿಗಿ ಮ್ಯಾಲ ನಿಂತಂಗ.

ಸದ್ದು ಅಂಥಾ ದೊಡ್ಡದಲ್ಲ. ನೀವು ನಂಬೂದಿಲ್ಲ.
ತಗಡಿನ ಪೆಟ್ಟಿಗಿ ಮ್ಯಾಲ ಯಾರೋ ಕುಂತಂಗ.
ಆಮ್ಯಾಲ ನೋಡಿದ್ರ ನಮ್ಮ ಬೂದಿ ಬಣ್ಣದ ಮೂತಿ
ಅವರ ಹೊಟ್ಟಿಯೊಳಗ ಭುಜದ ತನಕ ಹೊಕ್ಕಿತ್ತು.
ಸಕ್ಕರಿ ಇತ್ತಂತ ಅದರಾಗ,
ಮೂರು ಸಾವಿರ ಟನ್.
ಸಮುದ್ರ ಒಂದು ಚಮಚದಷ್ಟೂ ಸಿಹಿ ಆಗಲಿಲ್ಲ.

ಹನ್ನೊಂದು ಮಂದೀನ ಮ್ಯಾಲ ಎತ್ತಿದ್ವಿ.
ಹನ್ನೆರಡು ಮಂದಿ ಇದ್ರು.

ಹನ್ನೆರಡನೇದವನ ಹೆಸರು
ವಿಚಾರಣೆಯ ಕಾಗದದಾಗ ಓದಿದೆ: ಎದಿಲ್ಬೆರ್ತೊ.
ಬಾಯಾಗ ಕುಂದ್ರಲಿಕ್ಕೆ ಆ ಹೆಸರಿಗೆ ಭಾಳ ದಿನ ಬೇಕಾತು.
ಅವನೂ ನನ್ನಂಗ ಕಾವಲಿನವ,
ಅವನೂ ಹೊರಗ ನಿಂತಿದ್ದ.
ಅವನ ಎಡಕ್ಕ ನಮ್ಮ ಹಸರು ದೀಪ
ಸರೀದ ನಿಂತಿರಬೇಕು.
ಅವಂಗ ಯಾರ ಕಂದೀಲು ನೆನಪಾತೋ.

ದೀಪ ಕಂಡಿತ್ತಾ? ಕಂಡಿತ್ತು.
ವರದಿ ಮಾಡಿದಿಯಾ? ಮಾಡಿದೆ.
ಎಷ್ಟು ಸಲ ಅಂತ ಅವರು ಕೇಳಲಿಲ್ಲ.
ಸಾಹೇಬರ ಹೆಗಲಿನ ಪಟ್ಟಿ ಇಳೀತು.
ನನಗ ಪೂರ್ತಿ ಪಿಂಚಣಿ,
ತಿಂಗಳಾ ಒಂದನೇ ತಾರೀಖಿಗೆ
ತಪ್ಪದ ಬರತೈತಿ.

ಈ ರಾತ್ರಿ ಮಂಜು ಬಿದ್ದೈತಿ.
ಕಾರ್ಖಾನೆಯ ಮಳ್ಳಿ ವಾಸನಿ ನೆಲದ ಮ್ಯಾಲೇ ಕುಂತೈತಿ.
ಸಾಲಿನ ಕೊನಿಗೆ ಒಂದು ದೀಪ.
ಕಾಟಾದ ಕಂಬಕ್ಕ ಹಿಡದು ನೋಡಿದೆ.
ಸರೀಲಿಲ್ಲ.
ಗೊತ್ತು ನನಗ, ಅದು ದಾವಲಸಾಬನ ಚಹಾದಂಗಡಿ,
ಹತ್ತು ವರ್ಷದಿಂದ ಅದೇ ಬಲ್ಬು, ಅದೇ ವೈರು.
ಸೀಟಿ ಊದಿದೆ.
"ಏನಾತೋ ಕಾಕಾ?" ಅಂದ.
ಮತ್ತ ಊದಿದೆ.
"ಕೇಳಿಸ್ತಪಾ, ಕೇಳಿಸ್ತು" ಅಂತ ಅಂಗಡಿ ಬಿಟ್ಟು
ಮಂಜಿನ್ಯಾಗ ಕೈ ಬೀಸಿಕೋತ ಬಂದ,
ಒಂದು ಕೈಯಾಗ ಚಹಾ.
ಅವ ಹತ್ರ ಬರೂ ತನಕ
ಊದಿಕೋತನ ಇದ್ದೆ.